ಉಪ್ಪು, ಇದ್ದಿಲು, ಮೂವತ್ತು ಮಿಲಿಆಂಪಿಯರ್: ದುರ್ಗದ ಹಳೆಯ ಮನೆಯೊಂದರ ಅರ್ಥಿಂಗ್ ದುರಸ್ತಿ

ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ನಮ್ಮ ತವರುಮನೆಯಲ್ಲಿ ವಾಷಿಂಗ್ ಮಷೀನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತರೆ ಹೆಚ್ಚು, ಚಪ್ಪಲಿ ಮೆಟ್ಟಿದ್ದರೆ ಏನೂ ಇಲ್ಲ. ಟೆಸ್ಟರ್ ತಾಗಿಸಿದರೆ ಮಷೀನಿನ ತಗಡಿನ ಮೇಲೆಯೇ ಅದರ ದೀಪ ಮಂದವಾಗಿ ಹೊತ್ತಿಕೊಳ್ಳುತ್ತಿತ್ತು. ಬಟ್ಟೆ ಒಗೆಯುವ ದಿನ ಚಪ್ಪಲಿ ಮೆಟ್ಟಿಕೊಂಡೇ ಬಚ್ಚಲಿಗೆ ಹೋಗುವುದನ್ನು ಅಮ್ಮ ಅಭ್ಯಾಸ ಮಾಡಿಕೊಂಡಿದ್ದರು. ಈ ಬೇಸಿಗೆಯಲ್ಲಿ ಅದನ್ನು ಸರಿಪಡಿಸಿದೆವು. ಏನು ಮಾಡಿದೆವು ಎಂಬುದರ ಜತೆಗೆ ಯಾರ ಮಾತನ್ನು ಎಲ್ಲಿ ಕೇಳಿದೆವು, ಎಲ್ಲಿ ಬಿಟ್ಟೆವು ಎಂಬುದನ್ನೂ ಬರೆದಿಡುತ್ತಿದ್ದೇನೆ. ಹಳೆಯ ಮನೆಗಳಿರುವ ಊರುಗಳಲ್ಲೆಲ್ಲ ಇದೇ ತೊಂದರೆ ಇರುತ್ತದೆ, ಇವೇ ಸಲಹೆಗಳೂ ಸಿಗುತ್ತವೆ.

ಸಿಕ್ಕ ಸಲಹೆಗಳು

ಪಕ್ಕದ ಮನೆಯವರು ಮಷೀನಿನ ಮುಂದೆ ರಬ್ಬರ್ ಹಾಸು ಹಾಕಲು ಹೇಳಿದರು. ಸಂಬಂಧಿಕರೊಬ್ಬರು ಸಾಕೆಟ್ಟಿನಲ್ಲಿ ಫೇಸ್ (ಕರೆಂಟ್ ಬರುವ ವೈರ್) ಮತ್ತು ನ್ಯೂಟ್ರಲ್ (ಅದು ತಿರುಗಿ ಹೋಗುವ ವೈರ್) ಅದಲುಬದಲಾಗಿರಬೇಕು, ತಿರುಗಿಸಿದರೆ ಸರಿಹೋಗುತ್ತದೆ ಎಂದರು. ಅರ್ಥಿಂಗ್ ಗುಂಡಿಗೆ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಲೋಹವನ್ನು ಹೂಳಿರುವ ಗುಂಡಿ) ಉಪ್ಪು, ಇದ್ದಿಲು ಹಾಕಿ ನೀರು ಹೊಯ್ಯಬೇಕೆಂಬುದು ಎದುರುಮನೆಯ ಅಜ್ಜನ ಮಾತು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕಿದ್ದು ಎಲ್ಲಕ್ಕಿಂತ ಸುಲಭದ ಉಪಾಯ: "ಸಾಕೆಟ್ ಬಿಚ್ಚಿಸಿ, ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಕೊಡಿಸಿಬಿಡಿ ಅಕ್ಕಾ. ಎಷ್ಟೋ ಮನೆಗಳಲ್ಲಿ ಹಾಗೇ ಇದೆ, ಯಾರೂ ತಿರುಗಿ ಬಂದು ದೂರಿಲ್ಲ."

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ರಬ್ಬರ್ ಹಾಸಿದರೆ ಜುಮ್ಮೆನ್ನುವುದು ನಿಲ್ಲುತ್ತದೆ. ತುಂಡು ವೈರ್ ಕೊಟ್ಟರಂತೂ ಆ ಕ್ಷಣವೇ ನಿಲ್ಲುತ್ತದೆ. ಆದ್ದರಿಂದಲೇ ಈ ಮಾತುಗಳು ಇಷ್ಟು ವರ್ಷ ಬಾಯಿಂದ ಬಾಯಿಗೆ ಉಳಿದು ಬಂದಿವೆ. ಆದರೆ ಬಾಯಿಮಾತಿನ ಸಲಹೆ ಗೆದ್ದಿತೋ ಸೋತಿತೋ ಎಂದು ತೀರ್ಮಾನವಾಗುವುದು ಕೆಲಸ ಮುಗಿದ ಸಂಜೆಯೇ. ಮಾನಕ, ಎಂದರೆ ಇಂಥ ಕೆಲಸ ಹೇಗಿರಬೇಕೆಂದು ಗೊತ್ತುಮಾಡುವ ಪುಸ್ತಕ ಬರೆದವರು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಮಷೀನಿನೊಳಗೆ ಫೇಸ್ ವೈರ್ ಕಳಚಿ ತಗಡಿಗೆ ತಾಗಿದ ದಿನ ಏನಾಗುತ್ತದೆ? ಕಂಬದ ಮೇಲೆ ನ್ಯೂಟ್ರಲ್ ಕಿತ್ತುಹೋದ ದಿನ ಏನಾಗುತ್ತದೆ? ಆ ದಿನ ಬರುವವರೆಗೆ ಸರಿಯಾದ ಕೆಲಸಕ್ಕೂ ತಪ್ಪು ಕೆಲಸಕ್ಕೂ ಮನೆಯವರ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಈ ದುರಸ್ತಿಯುದ್ದಕ್ಕೂ ನನ್ನನ್ನು ಹಿಡಿದು ನಡೆಸಿದ್ದು ಇದೊಂದೇ ಯೋಚನೆ.

ನಾನು ಮುಂದಿಟ್ಟುಕೊಂಡಿದ್ದು ಭಾರತೀಯ ಮಾನಕ ಬ್ಯೂರೋದ ಎರಡು ಮಾನಕಗಳನ್ನು: ವೈರಿಂಗ್‌ಗೆ ಐಎಸ್ 732, ಅರ್ಥಿಂಗ್‌ಗೆ ಐಎಸ್ 3043. ಜತೆಗೆ 1985ರಲ್ಲಿ ಮೊದಲು ಬಂದು 2011 ಮತ್ತು 2023ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ವಿದ್ಯುತ್ ಸಂಹಿತೆ. ಇವು ಸಲೀಸಾಗಿ ಓದಿಸಿಕೊಳ್ಳುವ ಪುಸ್ತಕಗಳಲ್ಲ. ಎಂಜಿನಿಯರ್‌ಗಳಿಗಾಗಿ ಇಂಗ್ಲಿಷಿನಲ್ಲಿ ಬರೆದವು, ಬಚ್ಚಲಿನ ಸಾಕೆಟ್ ಬಗ್ಗೆ ತಿಳಿಯಬೇಕಾದರೆ ಅಲ್ಲಲ್ಲಿ ಹೆಕ್ಕಿ ಜೋಡಿಸಿಕೊಳ್ಳಬೇಕು. ಆದರೂ ನಮ್ಮ ದೇಶದ ಮಾನಕವನ್ನೇ ಓದಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಅಚ್ಚಾಗಿದೆ ಎಂದ ಮಾತ್ರಕ್ಕೆ ಎಲ್ಲ ಕೈಪಿಡಿಗಳೂ ನಮಗೆ ಹೊಂದುವುದಿಲ್ಲ. ಅಮೆರಿಕದ ಮನೆಕೆಲಸದ ಕೈಪಿಡಿಗಳು ಮುಖ್ಯ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಎರಡನ್ನೂ ಬೆಸೆಯಲು ಹೇಳುತ್ತವೆ. ಅಲ್ಲಿನ 120 ವೋಲ್ಟ್ ಪದ್ಧತಿಗೆ ಅದು ಸರಿ. ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್. ನ್ಯೂಟ್ರಲ್ಲನ್ನು ಭೂಮಿಗೆ ಸೇರಿಸುವ ಕೆಲಸವನ್ನು ಟ್ರಾನ್ಸ್‌ಫಾರ್ಮರ್ ಬಳಿ ಸರಬರಾಜು ಮಾಡುವವರು ಮಾಡಿರುತ್ತಾರೆ, ನಮ್ಮಂಥ ಮನೆಗಳಲ್ಲಿ ಅರ್ಥಿಂಗ್ ಮನೆಯವರದೇ ಬೇರೆ ಗುಂಡಿ. ಆ ಕೈಪಿಡಿಯ ಸಾಲನ್ನು ಇಲ್ಲಿ ಪಾಲಿಸಿದರೆ ಅಂಗಡಿಯವರ ತುಂಡು ವೈರಿಗೆ ಪುಸ್ತಕದ ಬೆಂಬಲ ಕೊಟ್ಟಂತಾಗುತ್ತದೆ.

ಬಿಚ್ಚಿದಾಗ ಕಂಡದ್ದು

ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟರೆ ಉಳಿದ ವೈರಿಂಗ್ ಕೆಲಸವನ್ನು ಪರವಾನಗಿ ಇರುವವರೇ ಮಾಡಬೇಕೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಹಾಗಾಗಿ ಪರ್ಮಿಟ್ ಇರುವ ವೈರ್‌ಮನ್ ಒಬ್ಬರನ್ನು ಕರೆದೆವು. ವೈರಿಗೆ ಕೈ ಹಾಕಿದ್ದೆಲ್ಲ ಅವರು. ನಕ್ಷೆ ಬರೆಯುವುದು, ಲೆಕ್ಕ ಹಾಕುವುದು, ಅಳತೆ ಬರೆದುಕೊಳ್ಳುವುದು, ಮಣ್ಣು ಎತ್ತುವುದು ನನ್ನ ಪಾಲು.

ಮೇನ್ ಆರಿಸಿ ಬಚ್ಚಲಿನ ಸಾಕೆಟ್ ಬಿಚ್ಚಿದಾಗ ಜುಮ್ಮೆನ್ನುವುದರ ಕಾರಣ ಕೂಡಲೇ ಸಿಕ್ಕಿತು. ಅರ್ಥ್ ಪಿನ್ನಿನ ಹಸಿರು ವೈರ್ ಗೋಡೆಯೊಳಗಿನ ಜಂಕ್ಷನ್ ಪೆಟ್ಟಿಗೆಯವರೆಗೆ ಬಂದು ಅಲ್ಲಿ ಕಿಲುಬು ಹಿಡಿದು ತುಂಡಾಗಿತ್ತು. ಈಗಿನ ಮಷೀನುಗಳಲ್ಲಿ ಫೇಸ್‌ನಿಂದ ತಗಡಿಗೂ ನ್ಯೂಟ್ರಲ್‌ನಿಂದ ತಗಡಿಗೂ ಸಣ್ಣ ಕೆಪಾಸಿಟರ್‌ಗಳಿರುತ್ತವೆ, ವಿದ್ಯುತ್ ಗದ್ದಲವನ್ನು ಸೋಸಲು. ಅರ್ಥ್ ಇದ್ದರೆ ಅವುಗಳ ಸಣ್ಣ ಸೋರಿಕೆ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ತಗಡು 230ರ ಅರ್ಧದಷ್ಟು, ಸುಮಾರು 115 ವೋಲ್ಟ್‌ನಲ್ಲಿ ನಿಂತಿರುತ್ತದೆ. ಹರಿಯುವ ಕರೆಂಟ್ ಒಂದು ಮಿಲಿಆಂಪಿಯರ್‌ಗೂ ಕಡಿಮೆ, ಹಾಗಾಗಿ ಬರೀ ಜುಮ್ಮೆನ್ನುತ್ತದೆ. ಅದು ಅಪಾಯವಲ್ಲ, ಅಪಾಯದ ಸೂಚನೆ. ಅರ್ಥ್ ಇಲ್ಲ ಎಂದು ಮಷೀನ್ ತಾನೇ ಹೇಳುತ್ತಿರುತ್ತದೆ. ರಬ್ಬರ್ ಹಾಸು ಆ ಮಾತನ್ನು ಕೇಳಿಸದಂತೆ ಮಾಡುತ್ತದೆ.

ಅಡುಗೆಮನೆಯಲ್ಲಿ ಕಂಡದ್ದು ಇದಕ್ಕಿಂತ ಗಂಭೀರ. ಫ್ರಿಜ್ ಯಾವತ್ತೂ ಜುಮ್ಮೆಂದದ್ದಿಲ್ಲ, ಅಲ್ಲಿ ಅರ್ಥಿಂಗ್ ಚೆನ್ನಾಗಿದೆ ಎಂದೇ ಎಲ್ಲರೂ ನಂಬಿದ್ದೆವು. ಸಾಕೆಟ್ ಬಿಚ್ಚಿದರೆ ಒಳಗೆ ಹಸಿರು ವೈರೇ ಇಲ್ಲ. ನ್ಯೂಟ್ರಲ್ ತಿರುಪಿನಿಂದ ಅರ್ಥ್ ತಿರುಪಿಗೆ ಬೆರಳುದ್ದದ ಕಪ್ಪು ವೈರ್. ಯಾವ ಕಾಲದಲ್ಲಿ ಯಾರು ಕೊಟ್ಟರೋ. ಕಂಬದಿಂದ ಬರುವ ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಇದರಿಂದ ಏನೂ ಆಗುವುದಿಲ್ಲ. ಅದು ಕಿತ್ತುಹೋದರೆ, ಮನೆಯಲ್ಲಿ ಹೊತ್ತಿರುವ ಯಾವುದೋ ಬಲ್ಬಿನ ಮೂಲಕ, ತಿರುಗುತ್ತಿರುವ ಫ್ಯಾನಿನ ಮೂಲಕ ಫೇಸ್ ಹಾದು ಬಂದು ಮನೆಯ ಇಡೀ ನ್ಯೂಟ್ರಲ್ಲೇ 230 ವೋಲ್ಟ್‌ಗೆ ಏರುತ್ತದೆ, ಅದರೊಂದಿಗೆ ಫ್ರಿಜ್ಜಿನ ತಗಡೂ ಏರುತ್ತದೆ. ಆಗ ದೀಪಗಳೆಲ್ಲ ಆರಿರುತ್ತವೆ. ಕರೆಂಟ್ ಹೋಯಿತು ಎಂದುಕೊಂಡು ಕತ್ತಲೆಯಲ್ಲಿ ಒಬ್ಬರು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕುತ್ತಾರೆ. ಎಂಸಿಬಿ, ಎಂದರೆ ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್, ಬೀಳುವುದಿಲ್ಲ, ಏಕೆಂದರೆ ಮನುಷ್ಯನ ಮೈಯಲ್ಲಿ ಹರಿಯುವಷ್ಟು ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಆ ತುಂಡು ವೈರನ್ನು ಕಿತ್ತು ಕೈಯಲ್ಲಿ ಹಿಡಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಅಮ್ಮ ಒಬ್ಬರೇ ಇರುವ ಮನೆ ಅದು.

ಬಲ್ಬ್ ಪರೀಕ್ಷೆ

ಮುಂದಿನ ಪ್ರಶ್ನೆ, ಹಿತ್ತಲಿನ ಹಳೆಯ ಅರ್ಥಿಂಗ್ ಗುಂಡಿ ಹೇಗಿದೆ ಎಂಬುದು. ವೈರ್‌ಮನ್ ಜೋಳಿಗೆಯಿಂದ 60 ವ್ಯಾಟ್‌ನ ಹಳೆಯ ಬಲ್ಬಿನ ಹೋಲ್ಡರ್ ತೆಗೆದರು. ಫೇಸ್‌ಗೂ ಅರ್ಥ್‌ಗೂ ನಡುವೆ ಹಿಡಿದರೆ ಬಲ್ಬ್ ಜೋರಾಗಿ ಉರಿಯಬೇಕು, ಉರಿದರೆ ಅರ್ಥಿಂಗ್ ಪಾಸ್. ಅದು ಜೋರಾಗಿಯೇ ಉರಿಯಿತು.

"ಮೂವತ್ತು ವರ್ಷದಿಂದ ಹೀಗೇ ನೋಡುತ್ತಿದ್ದೇನೆ ಅಕ್ಕಾ, ಇದಕ್ಕೇನೂ ಆಗಿಲ್ಲ" ಎಂದರು.

"ಅಣ್ಣ, ಬಲ್ಬ್ ಉರಿಯುವಾಗಲೇ ಮೀಟರನ್ನೂ ಒಮ್ಮೆ ಇಟ್ಟು ನೋಡೋಣ" ಎಂದೆ.

ಗುಂಡಿಯಿಂದ ದೂರ ನೆಟ್ಟ ಒಂದು ಕಬ್ಬಿಣದ ಗೂಟಕ್ಕೂ ಮನೆಯ ಅರ್ಥ್ ವೈರಿಗೂ ನಡುವೆ ಮೀಟರ್ ಇಟ್ಟರೆ 33 ವೋಲ್ಟ್ ತೋರಿಸಿತು. ಆಮೇಲೆ ಮೇನ್ ಆರಿಸಿ, ಅರ್ಥ್ ವೈರನ್ನು ಗುಂಡಿಯಿಂದ ಬಿಡಿಸಿ, ಅವರೇ ತಂದಿದ್ದ ಅರ್ಥ್ ಟೆಸ್ಟರ್‌ನಲ್ಲಿ ಎರಡು ಗೂಟ ನೆಟ್ಟು ಅಳೆದಾಗ ಸಿಕ್ಕಿದ್ದು 140 ಓಮ್. ಕರೆಂಟ್‌ಗೆ ಎದುರಾಗುವ ತಡೆ, ಎಂದರೆ ರೋಧ, ಅದರ ಅಳತೆ ಓಮ್; ಅರ್ಥಿಂಗ್‌ಗೆ ಅದು ಕಡಿಮೆ ಇದ್ದಷ್ಟೂ ಒಳ್ಳೆಯದು.

ಲೆಕ್ಕ ಹಾಕಿದರೆ ಬಲ್ಬ್ ಏಕೆ ಮೋಸ ಮಾಡುತ್ತದೆ ಎಂಬುದು ತಿಳಿಯುತ್ತದೆ. 60 ವ್ಯಾಟ್‌ನ ಬಲ್ಬ್ ಉರಿಯುವಾಗ ಅದರ ರೋಧ ಸುಮಾರು 880 ಓಮ್. ಅದರ ಮುಂದೆ 140 ಓಮ್ ಸೇರಿದರೂ ಬಲ್ಬಿಗೆ 198 ವೋಲ್ಟ್‌ನಷ್ಟು ಸಿಗುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಇಳಿದಾಗ ನಮ್ಮ ಬೀದಿಯ ಬಲ್ಬುಗಳು ಉರಿಯುವುದೂ ಹಾಗೆಯೇ, ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣದು. ಆದರೆ ಅದೇ 140 ಓಮ್‌ನ ಗುಂಡಿಯ ಮೇಲೆ ಗೀಸರಿನ ಫೇಸ್ ವೈರ್ ನೇರವಾಗಿ ತಗಡಿಗೆ ತಾಗಿತು ಎನ್ನಿ. 230ನ್ನು 140ರಿಂದ ಭಾಗಿಸಿದರೆ ಹರಿಯುವ ಕರೆಂಟ್ 1.6 ಆಂಪಿಯರ್. ನಾಲ್ಕು ಸೀಲಿಂಗ್ ಫ್ಯಾನುಗಳ ಲೋಡೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. 16 ಆಂಪಿಯರ್‌ನ ಎಂಸಿಬಿಗೆ ಇದು ದೋಷವೆಂದೇ ತೋರುವುದಿಲ್ಲ. ತಗಡು 230 ವೋಲ್ಟ್‌ನಲ್ಲಿ ನಿಂತೇ ಇರುತ್ತದೆ, ದಿನಕ್ಕೆ 9 ಯೂನಿಟ್‌ನಷ್ಟು ವಿದ್ಯುತ್ ಮಣ್ಣನ್ನು ಕಾಯಿಸುತ್ತ ಹೋಗುತ್ತದೆ. ಅರ್ಥ್ ವೈರ್ ಎಲ್ಲ ಸಾಕೆಟ್ಟುಗಳಿಗೂ ಒಂದೇ ಆದ್ದರಿಂದ ಗೀಸರಿನ ದೋಷ ಇಸ್ತ್ರಿಪೆಟ್ಟಿಗೆಯ ತಗಡಿನಲ್ಲೂ ಕಾಣಿಸಿಕೊಳ್ಳುತ್ತದೆ.

ಬಲ್ಬ್ ಪರೀಕ್ಷೆಯನ್ನು ಮನೆಯವರು ಮಾಡಲೇಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಗುಂಡಿಯ ಬಳಿ ಅರ್ಥ್ ವೈರ್ ತುಂಡಾಗಿದ್ದರೆ ಬಲ್ಬ್ ಉರಿಯುವುದಿಲ್ಲ ನಿಜ, ಆದರೆ ಬಲ್ಬಿನ ಮೂಲಕ ಇಡೀ ಮನೆಯ ಅರ್ಥ್ ವೈರಿಗೆ ಫೇಸ್ ಕೊಟ್ಟಂತಾಗುತ್ತದೆ. ನಾವು ಮಾಡಿದ್ದು ಮನೆಯ ಎಲ್ಲ ಪ್ಲಗ್ ಕಿತ್ತು, ಅಮ್ಮನನ್ನು ಜಗಲಿಯಲ್ಲಿ ಕೂರಿಸಿದ ಮೇಲೆ. ವೈರ್‌ಮನ್ ಮೀಟರಿನ 33ನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಲ್ಬನ್ನು ಬಿಚ್ಚಿ ಜೋಳಿಗೆಗೆ ಹಾಕಿ, "ಇನ್ನು ಮೇಲೆ ಟೆಸ್ಟರನ್ನೇ ತರುತ್ತೇನೆ" ಎಂದರು. ಕಸುಬಿನ ಬಗ್ಗೆ ಅಭಿಮಾನವಿರುವವರು ಸಾಕ್ಷಿ ಕಂಡರೆ ಮಾತು ಬದಲಿಸಲು ಹಿಂಜರಿಯುವುದಿಲ್ಲ. ಅವರ ಮೇಲಿನ ನನ್ನ ಗೌರವ ಅಲ್ಲಿಂದ ಹೆಚ್ಚಿತು.

ಬಂಡೆಯ ಊರಿನಲ್ಲಿ ಗುಂಡಿ

ಹಳೆಯ ಗುಂಡಿ ಅಗೆದಾಗ 140ರ ಮೂಲ ತಿಳಿಯಿತು. ಐಎಸ್ 3043ರ ಪ್ರಕಾರ ಪೈಪ್ ಅರ್ಥಿಂಗ್‌ಗೆ ಕನಿಷ್ಠ ಎರಡೂವರೆ ಮೀಟರ್ ಉದ್ದದ ಪೈಪ್ ಬೇಕು. ಇಲ್ಲಿದ್ದದ್ದು ನಾಲ್ಕು ಅಡಿಯ ತುಂಡು. ಹಾಕಿದವರಿಗೆ ಬಂಡೆ ಅಡ್ಡ ಬಂದಿದೆ, ಗರಗಸದಿಂದ ಪೈಪ್ ಕತ್ತರಿಸಿ ಮೇಲೆ ಸಿಮೆಂಟಿನ ಮುಚ್ಚಳ ಇಟ್ಟಿದ್ದಾರೆ. ವರ್ಷವರ್ಷವೂ ಸುರಿದ ಉಪ್ಪು ಉಳಿದ ಪೈಪನ್ನು ತಿಂದು ಜರಡಿ ಮಾಡಿತ್ತು. ಉಪ್ಪಿನ ಬಗ್ಗೆ ಮಾನಕ ಹೇಳುವುದೂ ಇದನ್ನೇ: ಮಣ್ಣಿನ ರೋಧ ಇಳಿಯುತ್ತದೆ, ಆದರೆ ಮಳೆಗೆ ಉಪ್ಪು ಕರಗಿ ಹೋಗುತ್ತದೆ, ಮತ್ತೆ ಮತ್ತೆ ಹಾಕುತ್ತಿರಬೇಕು, ಲೋಹ ಸವೆಯುತ್ತದೆ.

ದುರ್ಗದಲ್ಲಿ ಕಲ್ಲಿಗೆ ಬರವಿಲ್ಲ, ಮಳೆಗೆ ಬರ. ಮಣ್ಣಿನಲ್ಲಿ ತೇವ ಶೇಕಡಾ 20ಕ್ಕಿಂತ ಕೆಳಗಿಳಿದರೆ ಅದರ ರೋಧ ಕಡಿದಾಗಿ ಏರುತ್ತದೆ ಎಂದು ಐಎಸ್ 3043 ಹೇಳುತ್ತದೆ. ಏಪ್ರಿಲ್ ತಿಂಗಳ ನಮ್ಮ ಹಿತ್ತಲಿನ ಗರಸು ಮಣ್ಣು ಆ ಮಿತಿಗಿಂತ ಎಷ್ಟು ಕೆಳಗಿತ್ತೆಂದು ಗುದ್ದಲಿ ಹಿಡಿದ ಕೈಗೆ ಗೊತ್ತು. ವೈರ್‌ಮನ್ ಬೋರ್ ಕೊರೆಸಿ ಪೈಪ್ ಇಳಿಸೋಣ ಎಂದರು, ಆದರೆ ನಮ್ಮ ಓಣಿಯೊಳಗೆ ಯಂತ್ರ ಬರುವುದಿಲ್ಲ. ಮಾನಕದಲ್ಲಿ ಇನ್ನೊಂದು ದಾರಿಯಿತ್ತು. ಕೆಳಗೆ ಬಂಡೆ ಇರುವಲ್ಲಿ ಲೋಹದ ಪಟ್ಟಿಯನ್ನು ಅಡ್ಡಲಾಗಿ ಹೂಳಬಹುದು. ಕನಿಷ್ಠ ಅರ್ಧ ಮೀಟರ್ ಆಳ, ಕನಿಷ್ಠ 15 ಮೀಟರ್ ಉದ್ದ, ಸತುವಿನ ಲೇಪವಿರುವ ಕಬ್ಬಿಣವಾದರೆ 25 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ. ಮಣ್ಣು ಒಂದೇ ಬಗೆಯದಾಗಿದ್ದರೆ ಇಂಥ ಪಟ್ಟಿಯ ರೋಧ ಎರಡೂವರೆ ಮೀಟರ್ ಪೈಪಿನ ಮೂರನೇ ಒಂದು ಭಾಗದಷ್ಟೇ ಬರುತ್ತದೆ.

ಉದ್ದ, ಆಳ, ದಪ್ಪ ಎಲ್ಲವೂ ಪುಸ್ತಕದಲ್ಲಿ ಸಿಕ್ಕವು. ನಮ್ಮ ಹಿತ್ತಲಿನಲ್ಲಿ ಅರ್ಧ ಮೀಟರ್ ಮಣ್ಣು ಎಲ್ಲಿದೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಹೇಳಿದ್ದು ಉಪ್ಪುನೀರಿನ ಸಲಹೆ ಕೊಟ್ಟ ಎದುರುಮನೆಯ ಅಜ್ಜನೇ. ನಮ್ಮ ಮನೆಯ ಪಾಯ ತೋಡುವಾಗ ಅವರು ಅಲ್ಲಿದ್ದವರು. "ಬಚ್ಚಲ ನೀರು ಹೋಗುವ ಕಡೆ ಅಗೆಯಮ್ಮ, ಬಂಡೆ ಅಲ್ಲಿ ಇಳಿಜಾರಾಗಿದೆ. ತೆಂಗಿನ ಮರದವರೆಗೂ ಹಾರೆಗೆ ಕಲ್ಲು ಸಿಗುವುದಿಲ್ಲ" ಎಂದು ಕೋಲಿನಿಂದ ಗೆರೆ ಎಳೆದು ತೋರಿಸಿದರು. ಅವರು ಎಳೆದ ಗೆರೆಯ ಮೇಲೆಯೇ ಕಾಲುವೆ ತೋಡಿದೆವು. ಒಂದು ಕಡೆ ಬಿಟ್ಟು ಎಲ್ಲೂ ಹಾರೆ ಕಿಡಿ ಹಾರಿಸಲಿಲ್ಲ. ಬಚ್ಚಲ ನೀರು ದಿನವೂ ಅತ್ತಲೇ ಹರಿಯುವುದರಿಂದ ಬೇಸಿಗೆಯಲ್ಲೂ ಅಲ್ಲಿನ ಮಣ್ಣು ತಣ್ಣಗಿತ್ತು.

ಪಟ್ಟಿಯ ಸುತ್ತ ಉಪ್ಪು, ಇದ್ದಿಲಿನ ಬದಲು ಬೆಂಟೊನೈಟ್ ಜೇಡಿಯನ್ನು ಕಲಸಿ ತುಂಬಿದೆವು. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಲೋಹವನ್ನು ಉಪ್ಪಿನಂತೆ ತಿನ್ನುವುದಿಲ್ಲ. ಕಾಲುವೆಯನ್ನು ಮನೆಯ ಗೋಡೆಯಿಂದ ಒಂದೂವರೆ ಮೀಟರ್ ಆಚೆಗೇ ಇಟ್ಟೆವು, ಅದೂ ಮಾನಕದ ಮಾತು. ಪಟ್ಟಿಗೆ ಪಟ್ಟಿ ಸೇರುವಲ್ಲಿ ಬೆಸುಗೆ ಹಾಕಿ ಡಾಂಬರು ಬಳಿದೆವು. ತಾಮ್ರದ ವೈರನ್ನು ಪಟ್ಟಿಗೆ ಜೋಡಿಸಿದ್ದು ನೆಲದ ಮೇಲಿನ ಪೆಟ್ಟಿಗೆಯಲ್ಲಿ. ತಾಮ್ರವೂ ಸತುವೂ ಒದ್ದೆ ಮಣ್ಣಿನೊಳಗೆ ಒಂದಕ್ಕೊಂದು ತಾಗಿದ್ದರೆ ಸತು ಬೇಗ ಕರಗುತ್ತದೆ, ಮುಂದೆ ಅಳೆಯಲು ಬಿಚ್ಚುವುದಕ್ಕೂ ಆಗುವುದಿಲ್ಲ.

ಹಳೆಯ ಪೈಪಿನ 140 ಓಮ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಹೊಸ ಪಟ್ಟಿಗೆ 25 ಓಮ್ ಬರಬೇಕಿತ್ತು. ಜೇಡಿ ನೆನೆದು ಕೂತ ಮೇಲೆ ಅಳೆದರೆ 31 ಬಂತು. ಮೇಲ್ಮಣ್ಣು ಕೆಳಗಿನದಕ್ಕಿಂತ ಒಣಗಿರುತ್ತದೆ, ಸೂತ್ರಕ್ಕೆ ಅದು ತಿಳಿಯದು. ಬಂಡೆಯ ಮೇಲಿನ ಮನೆಗೆ ಈ ಅಂಕಿ ನನಗೆ ಸಮಾಧಾನ ತಂದಿತು.

31 ಓಮ್ ಸಾಕೇ

ಇಲ್ಲಿಗೆ ಕೆಲಸ ಮುಗಿಯಿತು ಎಂದೇ ಎಲ್ಲರೂ ಹೇಳಿದರು. ಅರ್ಥಿಂಗ್ ಚೆನ್ನಾಗಿದ್ದರೆ ಸಾಕು ಎಂಬ ನಂಬಿಕೆ ಎಲ್ಲಕ್ಕಿಂತ ಆಳವಾಗಿ ಬೇರೂರಿದೆ. ಆದರೆ 230ನ್ನು 31ರಿಂದ ಭಾಗಿಸಿ ನೋಡಿ, ಬರುವುದು 7.4 ಆಂಪಿಯರ್. ಸಿ ಬಗೆಯ 16 ಆಂಪಿಯರ್ ಎಂಸಿಬಿ ಕ್ಷಣದಲ್ಲಿ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಎಂದರೆ 80ರಿಂದ 160 ಆಂಪಿಯರ್ ಹರಿಯಬೇಕು. ಅಷ್ಟು ಹರಿಯಲು ಒಟ್ಟು ರೋಧ ಒಂದೆರಡು ಓಮ್‌ಗೆ ಇಳಿಯಬೇಕು. ನಮ್ಮ ಬಂಡೆಯ ಮೇಲೆ ಅದು ಆಗದ ಮಾತು, ಕಪ್ಪು ಮಣ್ಣಿನ ಹೊಲದಲ್ಲೂ ಒಂದೇ ಪೈಪಿನಿಂದ ಸುಲಭವಲ್ಲ.

ಅದಕ್ಕಾಗಿಯೇ ಆರ್‌ಸಿಸಿಬಿ ಎಂಬ, ಸೋರಿಕೆ ಕಂಡರೆ ಕಡಿಯುವ ಸ್ವಿಚ್. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ತಿರುಗಿ ಬಂದಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕೊರತೆ ಬಿದ್ದರೆ 0.3 ಸೆಕೆಂಡಿನೊಳಗೆ ಕಡಿದುಹಾಕಬೇಕು, ಹೆಚ್ಚಿದ್ದರೆ ಇನ್ನೂ ಬೇಗ. ಈಗ 31 ಓಮ್‌ನ ಪಟ್ಟಿಯ ಅರ್ಥವೇ ಬದಲಾಗುತ್ತದೆ. ಅದರ ಮೂಲಕ 30 ಮಿಲಿಆಂಪಿಯರ್ ಹರಿದಾಗ ತಗಡು ಏರುವುದು ಒಂದು ವೋಲ್ಟ್‌ಗೂ ಕಡಿಮೆ. ಎಂಸಿಬಿಯ ಕಣ್ಣಿಗೆ ಬೀಳದ ದೋಷ ಇದರ ಕಣ್ಣು ತಪ್ಪಿಸಿಕೊಳ್ಳಲಾರದು. ಬೇಸಿಗೆಯಲ್ಲಿ ಪಟ್ಟಿಯ ರೋಧ ಎರಡರಷ್ಟಾದರೂ ರಕ್ಷಣೆ ಉಳಿಯುತ್ತದೆ. ಇದು ಎಂಸಿಬಿಗೆ ಬದಲಿಯಲ್ಲ, ಲೋಡ್ ಹೆಚ್ಚಾದರೂ ಶಾರ್ಟ್ ಆದರೂ ಕಾಯುವುದು ಎಂಸಿಬಿಯೇ. ಒಬ್ಬರು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ವಾಷಿಂಗ್ ಮಷೀನಿನಂಥ ಎಲೆಕ್ಟ್ರಾನಿಕ್ ಲೋಡ್‌ಗಳಿರುವುದರಿಂದ ಎ ಬಗೆಯದನ್ನೇ ಕೇಳಿ ತಂದೆವು.

ಹಾಕಿದ ಕೂಡಲೇ ಅದು ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಮತ್ತೆ ಅಂಗಡಿಯ ಸಲಹೆ ಬಂತು: "ಹಳೆಯ ಮನೆಗೆ 30 ನಿಲ್ಲುವುದಿಲ್ಲ, 100 ಮಿಲಿಆಂಪಿಯರ್‌ನದು ಹಾಕಿ. ಇಲ್ಲವೇ ತೆಗೆದುಬಿಡಿ." 100ರದು ದೊಡ್ಡ ಸೋರಿಕೆಯಿಂದ ಬೆಂಕಿ ಹತ್ತುವುದನ್ನು ತಡೆಯಬಹುದು, ಮನುಷ್ಯರ ಜೀವಕ್ಕೆ ಅದು ಕಾವಲಲ್ಲ. 30 ಎಂಬ ಅಂಕಿಯನ್ನು ಹೃದಯದ ಬಡಿತ ತಪ್ಪುವ ಮಿತಿಯನ್ನು ಲೆಕ್ಕಿಸಿ ಇಟ್ಟಿದ್ದಾರೆ. ಬೀಳುತ್ತಿದೆ ಎಂದರೆ ಎಲ್ಲೋ ಕಾರಣವಿದೆ, ಅದನ್ನು ಹುಡುಕಬೇಕು. ಎಲ್ಲ ಎಂಸಿಬಿ ಇಳಿಸಿ ಒಂದೊಂದೇ ಏರಿಸುತ್ತ ಬಂದೆವು. ದೇವರಮನೆಯ ಸಾಕೆಟ್ಟಿನಲ್ಲಿ ಇನ್ನೊಂದು ತುಂಡು ವೈರ್ ಸಿಕ್ಕಿತು. ಬಲ್ಬ್ ಪರೀಕ್ಷೆಯ ದಿನ ಅರ್ಥ್‌ಗೆ ಸೇರದೆ ಇದ್ದ ಅಲ್ಲಿನ ಹಸಿರು ವೈರ್ ಈಗ ಹೊಸ ಪಟ್ಟಿಗೆ ಸೇರಿದ್ದರಿಂದ ನ್ಯೂಟ್ರಲ್ಲಿನ ಕರೆಂಟ್‌ನಲ್ಲಿ ಒಂದು ಪಾಲು ಭೂಮಿಗೆ ಹೋಗುತ್ತಿತ್ತು. ಅದನ್ನು ಕಿತ್ತ ಮೇಲೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀಳುತ್ತಿತ್ತು. ಇದಕ್ಕೆ ಕಾರಣ ಇನ್ವರ್ಟರ್. ದೀಪಗಳ ಫೇಸ್ ಆರ್‌ಸಿಸಿಬಿ ದಾಟಿ ಇನ್ವರ್ಟರ್‌ಗೆ ಹೋಗಿ ಬರುತ್ತಿತ್ತು, ಅವುಗಳ ನ್ಯೂಟ್ರಲ್ ಮಾತ್ರ ಹಳೆಯ ಬೋರ್ಡಿನಲ್ಲೇ, ಆರ್‌ಸಿಸಿಬಿಗಿಂತ ಮೊದಲೇ ಸೇರಿಕೊಂಡಿತ್ತು. ಹೋದ ಲೆಕ್ಕ ಒಂದು ದಾರಿಯಲ್ಲಿ, ಬಂದ ಲೆಕ್ಕ ಇನ್ನೊಂದು ದಾರಿಯಲ್ಲಿ. ಸೋರಿಕೆ ಇಲ್ಲದಿದ್ದರೂ ತೂಕ ತಪ್ಪುತ್ತದೆ. ವೈರ್‌ಮನ್ ಆ ನ್ಯೂಟ್ರಲ್ಲನ್ನು ಬೇರ್ಪಡಿಸಿ ಆರ್‌ಸಿಸಿಬಿ ದಾಟಿದ ಮೇಲಿನ ನ್ಯೂಟ್ರಲ್ ಪಟ್ಟಿಗೆ ತಂದರು. ಯಾವ ವೈರ್ ಯಾವ ಕೋಣೆಯದೆಂದು ಬಣ್ಣ ಮಾಸಿದ ವೈರುಗಳ ನಡುವೆ ಅವರು ಗುರುತಿಸಿದ ಬಗೆ ಕಸುಬು ಬಲ್ಲವರಿಗಷ್ಟೇ ಸಾಧ್ಯ, ನನ್ನ ನಕ್ಷೆಯಿಂದ ಅದು ಆಗುತ್ತಿರಲಿಲ್ಲ. ಆಮೇಲೆ ಅದು ನಿಂತಿದೆ. ಟೆಸ್ಟ್ ಗುಂಡಿ ಒತ್ತಿದರೆ ಮಾತ್ರ ಬೀಳುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಲು ಅಮ್ಮನಿಗೆ ತೋರಿಸಿಕೊಟ್ಟಿದ್ದೇನೆ.

ಬಚ್ಚಲಿನ ಸಾಕೆಟ್ಟಿಗೆ ಮತ್ತು ಅಡುಗೆಮನೆಗೆ ಎರಡೂವರೆ ಚದರ ಮಿಲಿಮೀಟರ್‌ನ ಮೂರು ಹೊಸ ವೈರ್ ಎಳೆಸಿದ್ದಾಗಿದೆ. ದೀಪಗಳ ಹಳೆಯ ವೈರನ್ನು ವೈರಿನ ಹೊದಿಕೆ ಸೋರುತ್ತಿದೆಯೇ ಎಂದು ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಪರೀಕ್ಷಿಸಿದೆವು. ಜಗಲಿಯ ದೀಪದ ಸರ್ಕ್ಯೂಟ್ ಒಂದನ್ನು ಬಿಟ್ಟು ಎಲ್ಲವೂ ಒಂದು ಮೆಗಾಓಮ್‌ಗಿಂತ ಸಾಕಷ್ಟು ಮೇಲಿದ್ದವು. ಜಗಲಿಯದನ್ನು ಸದ್ಯಕ್ಕೆ ಕಡಿದಿಟ್ಟಿದ್ದೇವೆ, ಮಳೆಗಾಲಕ್ಕೆ ಮುಂಚೆ ಬದಲಿಸಬೇಕು. ಬೋರ್ಡಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿ ಅರ್ಥಿಂಗ್ ಪಟ್ಟಿ ಹಾದುಹೋಗುವ ದಾರಿ, ಅಳೆದ ತಿಂಗಳು, 31 ಓಮ್, ಇನ್ವರ್ಟರ್ ನ್ಯೂಟ್ರಲ್ ಎಲ್ಲಿ ಸೇರುತ್ತದೆ ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇವೆ. ಮುಂದಿನ ಏಪ್ರಿಲ್‌ನ ಅಳತೆಗೆ ಅದರ ಕೆಳಗೆ ಜಾಗ ಬಿಟ್ಟಿದೆ.